ಇಪ್ಪತ್ತು ಕೊಂಡಿಗಳ ಲೆಕ್ಕ

ಸವಕಳಿ ಎಂಬ ಪದ ನನಗೆ ಮೊದಲು ಪರಿಚಯವಾದದ್ದು ಬಿ.ಕಾಂ. ತರಗತಿಯಲ್ಲಿ. ಹತ್ತು ಸಾವಿರ ರೂಪಾಯಿಯ ಯಂತ್ರ ಹತ್ತು ವರ್ಷ ಬಾಳುವುದಾದರೆ ವರ್ಷಕ್ಕೆ ಒಂದು ಸಾವಿರ ಸವಕಳಿ ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದರೆ ಲೆಕ್ಕ ಮುಗಿಯಿತು. ಮುಂದೆ ಬ್ಯಾಂಕಿನಲ್ಲಿ ಗುಮಾಸ್ತನಾಗಿ ನಿವೃತ್ತಿಯ ತನಕ ಅದೇ ಪದವನ್ನು ಬರೆಯುತ್ತ ಬಂದೆ. ಮೇಜಿಗೆ ಸವಕಳಿ, ಕಬ್ಬಿಣದ ಕಪಾಟಿಗೆ ಸವಕಳಿ, ಫ್ಯಾನಿಗೆ ಸವಕಳಿ. ಆ ಕಪಾಟು ನಿಜವಾಗಿ ಎಷ್ಟು ಸವೆದಿದೆ ಎಂದು ಯಾರೂ ಮುಟ್ಟಿ ನೋಡುತ್ತಿರಲಿಲ್ಲ. ಪುಸ್ತಕದಲ್ಲಿ ಅದರ ಬೆಲೆ ಸೊನ್ನೆಯಾದ ಮೇಲೂ ಅದು ಗಟ್ಟಿಯಾಗಿ ನಿಂತೇ ಇರುತ್ತಿತ್ತು.

ಆದರೆ ಸವಕಳಿಯನ್ನು ಕಣ್ಣಾರೆ ಕಂಡು, ಶಾಲೆಯ ಸ್ಕೇಲು ಹಿಡಿದು ಅಳೆಯಬಹುದಾದ ವಸ್ತುವೊಂದು ಈಗ ಬಹುತೇಕ ಎಲ್ಲರ ಮನೆಯಂಗಳದಲ್ಲೂ ನಿಂತಿರುತ್ತದೆ. ಅದು ಮೋಟಾರ್ ಸೈಕಲ್ಲಿನ ಚೈನು. ಅಲ್ಲಿ ಪುಸ್ತಕದ ಲೆಕ್ಕವೂ ವಸ್ತುವಿನ ಲೆಕ್ಕವೂ ಒಂದೇ. ಇಷ್ಟು ಮಿಲಿಮೀಟರ್ ದಾಟಿತೋ, ಅದರ ಆಯುಷ್ಯ ಮುಗಿಯಿತು. ದಾಟಿದ ಮೇಲೂ ಓಡಿಸುತ್ತೇವೆ ಎಂದರೆ ನಷ್ಟ ಗಾಡಿಗೆ ಮಾತ್ರವಲ್ಲ, ಗಾಡಿಯ ಮೇಲೆ ಕೂತವರಿಗೂ.

ನಮ್ಮದು ಬಸವಕಲ್ಯಾಣ. ಮಗ, ಸೊಸೆ ಇಬ್ಬರಿಗೂ ಕೆಲಸ ಹುಮನಾಬಾದಿನಲ್ಲಿ. ಬೆಳಿಗ್ಗೆ ಇಬ್ಬರೂ ಒಂದೇ ಗಾಡಿಯಲ್ಲಿ ಹೊರಟು, ಸಸ್ತಾಪುರ ಬಂಗ್ಲಾ ಬಳಿ ಹೆದ್ದಾರಿ ಸೇರಿ, ರಾಜೇಶ್ವರ ದಾಟಿ ಹುಮನಾಬಾದ್ ತಲುಪುತ್ತಾರೆ. ಒಂದು ಕಡೆಗೆ ಸುಮಾರು 30 ಕಿಲೋಮೀಟರು. ನಾನೂ ನೌಕರಿಯಲ್ಲಿದ್ದಾಗ ಎಂಟು ವರ್ಷ ಇದೇ ದಾರಿಯಲ್ಲಿ ಓಡಾಡಿದವನು. ಆಗ ಅದು ರಾಷ್ಟ್ರೀಯ ಹೆದ್ದಾರಿ 9, ಈಗ 65. ಪುಣೆಯಿಂದ ಹೈದರಾಬಾದಿಗೆ ಹೋಗುವ ಲಾರಿಗಳೆಲ್ಲ ಈ ದಾರಿಯಲ್ಲೇ ಹೋಗಬೇಕು. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರಿನ ಹಿಂದೆ ಎರಡೆರಡು ಟ್ರಾಲಿಗಳೂ ಸೇರಿಕೊಳ್ಳುತ್ತವೆ. ಇಂಥ ರಸ್ತೆಯಲ್ಲಿ ಹಿಂದಿನ ಚಕ್ರ ಇದ್ದಕ್ಕಿದ್ದಂತೆ ಬಿಗಿದುಕೊಂಡರೆ ಏನಾಗಬಹುದು ಎಂದು ಬಿಡಿಸಿ ಹೇಳಬೇಕಿಲ್ಲ.

ಹೋದ ಮಳೆಗಾಲ ಮುಗಿಯುತ್ತಿದ್ದಾಗ ಮಗ ಒಂದು ಸಂಜೆ ಬಂದು, "ಅಪ್ಪಾ, ಎಕ್ಸಲೇಟರ್ ಕೊಟ್ಟಾಗ ಹಿಂದಿಂದ ಕಟ್ ಕಟ್ ಅಂತದ" ಎಂದ. ಏಳನೇ ತರಗತಿಯ ಮೊಮ್ಮಗ ಪಕ್ಕದಲ್ಲೇ ಕೂತು ದಶಮಾಂಶದ ಲೆಕ್ಕ ಮಾಡುತ್ತಿದ್ದ. ಅವನ ಕಂಪಾಸ್ ಪೆಟ್ಟಿಗೆಯ ಪಕ್ಕದಲ್ಲಿ 30 ಸೆಂಟಿಮೀಟರಿನ ಸ್ಕೇಲು ಇತ್ತು. ಅದು ಕಂಡದ್ದೇ ತಡ, ಭಾನುವಾರದ ಕೆಲಸ ನಿಶ್ಚಯವಾಯಿತು.

ಚೈನು ಹಿಗ್ಗುವುದಿಲ್ಲ

ಎಲ್ಲರೂ "ಚೈನು ಹಿಗ್ಗಿದೆ" ಅನ್ನುತ್ತಾರೆ. ರಬ್ಬರಿನಂತೆ ಕಬ್ಬಿಣ ಹಿಗ್ಗಿತು ಎಂದು ಮಕ್ಕಳು ತಿಳಿಯುತ್ತಾರೆ. ಹಾಗಲ್ಲ. ಚೈನಿನ ಒಂದು ಕೊಂಡಿಯನ್ನು ಬಿಚ್ಚಿ ನೋಡಿದರೆ ಎರಡು ಬದಿಗೆ ಎಂಟರ ಆಕಾರದ ಪ್ಲೇಟುಗಳು, ಅವುಗಳ ನಡುವೆ ಒಂದು ಪಿನ್ನು, ಪಿನ್ನಿನ ಮೇಲೆ ಬುಷ್ ಎಂಬ ಪುಟ್ಟ ಕೊಳವೆ, ಆ ಕೊಳವೆಯ ಮೇಲೆ ಸಲೀಸಾಗಿ ತಿರುಗುವ ರೋಲರ್ ಎಂಬ ಇನ್ನೊಂದು ಕೊಳವೆ ಕಾಣುತ್ತವೆ. ರೋಲರು ಚಕ್ರದ ಹಲ್ಲಿನ ಮೇಲೆ ಕೂರುತ್ತದೆ. ಚೈನು ಹಲ್ಲುಗಾಲಿಯನ್ನು ಸುತ್ತಿಕೊಳ್ಳಲು ಬಾಗಿದಾಗಲೆಲ್ಲ ಪಿನ್ನು ಬುಷ್ಷಿನೊಳಗೆ ಸ್ವಲ್ಪ ತಿರುಗುತ್ತದೆ. ಸವಕಳಿ ಆಗುವುದು ಅಲ್ಲಿ, ನಮ್ಮ ಕಣ್ಣಿಗೆ ಬೀಳದ ಆ ಸಂದಿಯಲ್ಲಿ. ಪ್ಲೇಟುಗಳು ಇದ್ದಷ್ಟೇ ಉದ್ದ ಇರುತ್ತವೆ. ಆದರೆ ಪ್ರತಿ ಪಿನ್ನೂ ಕೂದಲೆಳೆಯಷ್ಟು ತೆಳ್ಳಗಾಗಿ, ಪ್ರತಿ ಬುಷ್ಷೂ ಕೂದಲೆಳೆಯಷ್ಟು ಅಗಲವಾಗಿ, ನೂರು ಕಡೆಯ ಆ ಕೂದಲೆಳೆಗಳೆಲ್ಲ ಕೂಡಿ ಚೈನು ಉದ್ದವಾದಂತೆ ಕಾಣುತ್ತದೆ. ವಯಸ್ಸಾದ ನಮ್ಮ ಮೊಣಕಾಲಿನ ಹಾಗೆಯೇ. ಎಲುಬು ಅದೇ, ಕೀಲು ಮಾತ್ರ ಸವೆದಿರುತ್ತದೆ.

ಎಷ್ಟು ಸಲ ಬಾಗುತ್ತದೆ ಎಂದು ಮೊಮ್ಮಗನಿಗೆ ಲೆಕ್ಕ ಕೊಟ್ಟೆ. ಅಂಗಳದಲ್ಲಿ ಸುಣ್ಣದಕಡ್ಡಿಯಿಂದ ಗೆರೆ ಎಳೆದು, ಗಾಡಿಯನ್ನು ತಳ್ಳಿ, ಚಕ್ರ ಒಂದು ಸುತ್ತು ಉರುಳಿದರೆ ಸುಮಾರು 1.9 ಮೀಟರ್ ಮುಂದೆ ಹೋಗುತ್ತದೆ ಎಂದು ಅವನೇ ಅಳೆದ. ಹುಮನಾಬಾದಿನ 30 ಕಿಲೋಮೀಟರಿಗೆ ಚಕ್ರ ಸುಮಾರು 15,800 ಸುತ್ತು ತಿರುಗಬೇಕು. ನಮ್ಮ ಗಾಡಿಯ ಹಿಂದಿನ ಹಲ್ಲುಗಾಲಿಗೆ 42 ಹಲ್ಲು. 15,800ನ್ನು 42ರಿಂದ ಗುಣಿಸಿದರೆ 6,63,600. ಅಷ್ಟು ಕೊಂಡಿಗಳು ಒಂದರ ಹಿಂದೆ ಒಂದು ಹಲ್ಲಿನ ಮೇಲೆ ಹಾದುಹೋಗಬೇಕು. ಚೈನಿನಲ್ಲಿ ಇರುವುದು 104 ಕೊಂಡಿ. ಭಾಗಿಸಿದರೆ ಇಡೀ ಚೈನು ಸುಮಾರು 6,380 ಪ್ರದಕ್ಷಿಣೆ ಹಾಕುತ್ತದೆ. ಒಂದೊಂದು ಪ್ರದಕ್ಷಿಣೆಯಲ್ಲೂ ಪ್ರತಿ ಕೀಲು ನಾಲ್ಕು ಸಲ ಅಲುಗುತ್ತದೆ. ಹಿಂದಿನ ಹಲ್ಲುಗಾಲಿಗೆ ಏರುವಾಗ ಬಾಗುತ್ತದೆ, ಇಳಿಯುವಾಗ ನೆಟ್ಟಗಾಗುತ್ತದೆ. ಮುಂದಿನದರಲ್ಲೂ ಹಾಗೆಯೇ. ಅಂದರೆ ಬಸವಕಲ್ಯಾಣದಿಂದ ಹುಮನಾಬಾದ್ ಮುಟ್ಟುವಷ್ಟರಲ್ಲಿ ಒಂದೊಂದು ಕೀಲೂ 25 ಸಾವಿರಕ್ಕೂ ಹೆಚ್ಚು ಸಲ ಅಲುಗಿರುತ್ತದೆ. ಸಂಜೆ ವಾಪಸು ಬಂದಾಗ 50 ಸಾವಿರ. ಇದು ಒಂದು ದಿನದ ಲೆಕ್ಕ. ಮೊಮ್ಮಗ ಪೆನ್ಸಿಲು ಕೆಳಗಿಟ್ಟು, "ಮುತ್ಯಾ, ಇಷ್ಟ್ ಆದ್ರೂ ಅದು ಹ್ಯಾಂಗ್ ಉಳೀತದ?" ಎಂದ. ನಿಜವಾಗಿ ಆಶ್ಚರ್ಯಪಡಬೇಕಾದದ್ದು ಚೈನು ಸವೆಯುವುದಕ್ಕಲ್ಲ, ಇಷ್ಟು ದಿನ ಬಾಳುವುದಕ್ಕೆ.

ಹಾಗೆ ಬಾಳುವಂತೆ ಮಾಡಿದವರಲ್ಲಿ ಮುಖ್ಯನಾದವನು ಸ್ವಿಟ್ಜರ್ಲೆಂಡಿನಿಂದ ಇಂಗ್ಲೆಂಡಿಗೆ ಹೋಗಿ ನೆಲೆಸಿದ ಹ್ಯಾನ್ಸ್ ರೆನೋಲ್ಡ್. 1879ರಲ್ಲಿ ಮ್ಯಾಂಚೆಸ್ಟರ್ ಪಕ್ಕದ ಸಾಲ್‌ಫರ್ಡಿನಲ್ಲಿ ಗಿರಣಿ ಯಂತ್ರಗಳಿಗೆ ಚೈನು ಮಾಡುತ್ತಿದ್ದ ಒಂದು ಸಣ್ಣ ಕಾರ್ಖಾನೆಯನ್ನು ಅವನು ಕೊಂಡ. ಅಲ್ಲಿಯ ತನಕ ಪಿನ್ನಿನ ಭಾರವನ್ನೆಲ್ಲ ತೆಳ್ಳಗಿನ ಪ್ಲೇಟಿನ ಅಂಚೇ ಹೊರಬೇಕಿತ್ತು, ಬೇಗ ಸವೆಯುತ್ತಿತ್ತು. ನಡುವೆ ಬುಷ್ ಇಟ್ಟರೆ ಭಾರ ಅದರ ಉದ್ದಕ್ಕೂ ಹಂಚಿಹೋಗುತ್ತದೆ ಎಂದು ಕಂಡುಕೊಂಡು 1880ರಲ್ಲಿ ಪೇಟೆಂಟ್ ಪಡೆದ. ಐದು ವರ್ಷದ ಮೇಲೆ, 1885ರಲ್ಲಿ, ಜಾನ್ ಕೆಂಪ್ ಸ್ಟಾರ್ಲಿಯ ರೋವರ್ ಸೈಕಲ್ಲು ಬಂತು. ಎರಡೂ ಚಕ್ರ ಹೆಚ್ಚುಕಡಿಮೆ ಒಂದೇ ಗಾತ್ರ, ಹಿಂದಿನ ಚಕ್ರಕ್ಕೆ ಚೈನು. ನೀವು ಇವತ್ತು ತುಳಿಯುವ ಸೈಕಲ್ಲಿನ ಅಜ್ಜ ಅದು. 1903ರ ಡಿಸೆಂಬರ್ 17ರಂದು ರೈಟ್ ಸಹೋದರರು ಹಾರಿಸಿದ ವಿಮಾನದಲ್ಲೂ ಎಂಜಿನ್ನಿನಿಂದ ಎರಡು ಪಂಖಗಳಿಗೆ ಶಕ್ತಿ ಹೋಗುತ್ತಿದ್ದದ್ದು ಚೈನಿನಿಂದಲೇ. ಅಣ್ಣತಮ್ಮಂದಿರು ಮೂಲತಃ ಸೈಕಲ್ ಅಂಗಡಿಯವರಲ್ಲವೇ!

ನಮ್ಮೂರಿನ ಮಕ್ಕಳಿಗೆ ಇನ್ನೂ ಹಳೆಯದೊಂದು ಸಂಗತಿ ಹೇಳಬೇಕು. ನಮ್ಮ ಕಲ್ಯಾಣದಲ್ಲಿ ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯ ಪಟ್ಟಕ್ಕೆ ಬಂದದ್ದು 1076ರಲ್ಲಿ. ಅವನು ಇಲ್ಲಿ ಆಳುತ್ತಿದ್ದ ದಿನಗಳಲ್ಲೇ ಚೀನಾದ ಕೈಫೆಂಗ್ ನಗರದಲ್ಲಿ ಸು ಸಾಂಗ್ ಎಂಬ ಪಂಡಿತ ನೀರಿನಿಂದ ನಡೆಯುವ ಒಂದು ದೊಡ್ಡ ಗಡಿಯಾರದ ಗೋಪುರ ಕಟ್ಟಿಸುತ್ತಿದ್ದ. ಅದರೊಳಗೆ ಶಕ್ತಿಯನ್ನು ಮೇಲಕ್ಕೆ ಸಾಗಿಸಲು ಕೊನೆಮೊದಲಿಲ್ಲದ ಕಬ್ಬಿಣದ ಚೈನೊಂದು ಇತ್ತು. ಅದನ್ನು ಅವನು 'ಸ್ವರ್ಗದ ಏಣಿ' ಎಂಬ ಅರ್ಥದ ಹೆಸರಿನಿಂದ ಕರೆದಿದ್ದ. ಕೋಟೆಯ ಮೇಲೆ ಹತ್ತಿದಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಕೀಲಿ ಅಜ್ಜನ ಜೇಬಿನಲ್ಲಿ

ಈಗ ಭಾನುವಾರದ ಕೆಲಸಕ್ಕೆ ಬರೋಣ. ಮಕ್ಕಳೇ, ಒಂದು ಮಾತನ್ನು ಮೊದಲೇ ಗಟ್ಟಿಯಾಗಿ ಹೇಳಿಬಿಡುತ್ತೇನೆ. ಎಂಜಿನ್ ಚಾಲೂ ಇರುವಾಗ ಚೈನಿನ ಹತ್ತಿರ ಕೈ ಒಯ್ಯಬಾರದು. ಕೆಲವರು ಗಾಡಿಯನ್ನು ನಡುಸ್ಟ್ಯಾಂಡಿಗೆ ಹಾಕಿ, ಗೇರಿನಲ್ಲಿಟ್ಟು, ಚಕ್ರ ತಿರುಗುತ್ತಿರುವಾಗಲೇ ಬಟ್ಟೆ ಹಿಡಿದು ಚೈನು ಒರೆಸುತ್ತಾರೆ. ಬಟ್ಟೆಯ ಚುಂಗು ಸಿಕ್ಕಿತೆಂದರೆ ಬೆರಳೂ ಅದರ ಜೊತೆ ಹಲ್ಲಿನೊಳಗೆ ಹೋಗುತ್ತದೆ. ಕೈ ಹಿಂದಕ್ಕೆ ಎಳೆದುಕೊಳ್ಳುವಷ್ಟು ಸಮಯ ಸಿಗುವುದಿಲ್ಲ. ನಮ್ಮ ಮನೆಯ ನಿಯಮ: ಗಾಡಿ ನಡುಸ್ಟ್ಯಾಂಡಿನ ಮೇಲೆ, ಗೇರು ನ್ಯೂಟ್ರಲ್‌ನಲ್ಲಿ, ಕೀಲಿ ಅಜ್ಜನ ಜೇಬಿನಲ್ಲಿ. ಚಕ್ರವನ್ನು ಕೈಯಿಂದ ತಿರುಗಿಸುವಾಗಲೂ ಟೈರು ಹಿಡಿದು ತಿರುಗಿಸಬೇಕು, ಒಬ್ಬರು ತಿರುಗಿಸುವಾಗ ಇನ್ನೊಬ್ಬರ ಕೈ ಚೈನಿನ ಮೇಲೆ ಇರಬಾರದು.

ಮೊದಲು ನೋಡುವುದು ಸಡಿಲ. ಎರಡು ಹಲ್ಲುಗಾಲಿಗಳ ನಡುವೆ, ಕೆಳಗಿನ ಸಾಲಿನ ಮಧ್ಯದಲ್ಲಿ ಚೈನನ್ನು ಬೆರಳಿನಿಂದ ಮೇಲಕ್ಕೆ ಒತ್ತಿ, ಆಮೇಲೆ ಕೆಳಕ್ಕೆ ಎಳೆಯಬೇಕು. ಮೇಲಿನಿಂದ ಕೆಳಗಿನ ತನಕ ಎಷ್ಟು ಆಡುತ್ತದೆ ಎಂಬುದು ಸಡಿಲ. ಸಣ್ಣ ಗಾಡಿಗಳಲ್ಲಿ ಅದು ಸುಮಾರು 25ರಿಂದ 35 ಮಿಲಿಮೀಟರ್ ಇರಬೇಕೆಂದು ಸಾಮಾನ್ಯವಾಗಿ ಹೇಳುತ್ತಾರೆ. ನಿಮ್ಮ ಗಾಡಿಯ ಪುಸ್ತಕದಲ್ಲಿ ಸರಿಯಾದ ಅಂಕಿ ಇರುತ್ತದೆ, ಅದನ್ನೇ ನಂಬಿ. ಚೈನು ಮುಚ್ಚಿರುವ ಗಾಡಿಗಳಲ್ಲಿ ಕೆಳಗೊಂದು ರಬ್ಬರಿನ ಬಿರಡೆ ಇರುತ್ತದೆ, ಅದನ್ನು ತೆಗೆದು ಬೆರಳು ಹಾಕಿ ನೋಡಬಹುದು. ಚಕ್ರವನ್ನು ಸ್ವಲ್ಪ ಸ್ವಲ್ಪ ತಿರುಗಿಸಿ ನಾಲ್ಕಾರು ಕಡೆ ನೋಡಬೇಕು. ಒಂದು ಕಡೆ ಬಿಗಿ, ಇನ್ನೊಂದು ಕಡೆ ಜೋಲು ಎಂದಾದರೆ ಚೈನು ಎಲ್ಲ ಕಡೆ ಸಮನಾಗಿ ಸವೆದಿಲ್ಲ ಎಂದರ್ಥ. ಸರಿಪಡಿಸುವಾಗ ಬಿಗಿಯಾದ ಜಾಗದಲ್ಲಿ ಅಳತೆ ನೋಡಿ ಸರಿಪಡಿಸಬೇಕು. ಜೋಲು ಜಾಗ ನೋಡಿ ಬಿಗಿದರೆ ಬಿಗಿಯಾದ ಜಾಗ ಬಂದಾಗ ಬೇರಿಂಗಿನ ಗತಿ ಮುಗಿಯಿತು.

ಬರೀ ಸಡಿಲವಾದ ಚೈನು ಸವೆದ ಚೈನು ಎಂದೇನೂ ಅಲ್ಲ. ಹಿಂದಿನ ಚಕ್ರವನ್ನು ಸ್ವಲ್ಪ ಹಿಂದೆ ಸರಿಸಿ ಬಿಗಿದರೆ ಸಡಿಲ ಹೋಗುತ್ತದೆ. ಸವಕಳಿ ಹೋಗುವುದಿಲ್ಲ. ಅದನ್ನು ಬೇರೆಯಾಗಿಯೇ ನೋಡಬೇಕು.

ಅದಕ್ಕೊಂದು ಸುಲಭ ಪರೀಕ್ಷೆ ಇದೆ. ಹಿಂದಿನ ಹಲ್ಲುಗಾಲಿಯ ಹಿಂಭಾಗದಲ್ಲಿ, ಗಡಿಯಾರದ ಮುಖವೆಂದು ಭಾವಿಸಿದರೆ ಮೂರೋ ಒಂಬತ್ತೋ ಇರುವ ಜಾಗದಲ್ಲಿ, ಚೈನನ್ನು ಚಿಮಟಿಗೆಯಂತೆ ಹಿಡಿದು ಗಾಡಿಯ ಹಿಂದಕ್ಕೆ ಎಳೆಯಿರಿ. ಹೊಸ ಚೈನು ಹಲ್ಲಿಗೆ ಅಂಟಿಕೊಂಡಂತೆ ಕೂತಿರುತ್ತದೆ. ಸವೆದ ಚೈನು ಎದ್ದು ಬರುತ್ತದೆ. ಅರ್ಧ ಹಲ್ಲು ಬಯಲಾಗಿ ಅದರಾಚೆಯ ಬೆಳಕು ಕಂಡರೆ ಚೈನು ಬದಲಿಸುವ ಕಾಲ ಬಂತು. ಕಾರಣ ಸರಳ. ಹಲ್ಲುಗಳ ನಡುವಿನ ಅಂತರ ಮೊದಲಿನಷ್ಟೇ ಇದೆ, ಕೊಂಡಿಗಳ ನಡುವಿನ ಅಂತರ ಹೆಚ್ಚಿದೆ. ಆಗ ರೋಲರುಗಳು ಗುಂಡಿಯ ತಳದಲ್ಲಿ ಕೂರದೆ ಹಲ್ಲಿನ ತುದಿಯತ್ತ ಏರಿ ಕೂರುತ್ತವೆ. ನಮ್ಮ ಗಾಡಿಯ ಚೈನು ಕವಚ ಬಿಚ್ಚಿ ಎಳೆದಾಗ ಅರ್ಧ ಹಲ್ಲಿಗಿಂತ ಸ್ವಲ್ಪ ಹೆಚ್ಚೇ ಕಂಡಿತು.

ಆದರೂ ಲೆಕ್ಕದವನಿಗೆ ಅಂಕಿ ಬೇಕು. ಸಣ್ಣ ಗಾಡಿಗಳ ಚೈನಿನ ಪ್ಲೇಟಿನ ಮೇಲೆ ಸಾಮಾನ್ಯವಾಗಿ 428 ಎಂದು ಕೆತ್ತಿರುತ್ತದೆ. ಮೊದಲ ಅಂಕಿ 4 ಅಂದರೆ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಎಂಟನೇ ನಾಲ್ಕು ಇಂಚು, ಅಂದರೆ ಅರ್ಧ ಇಂಚು. ಮಿಲಿಮೀಟರಿನಲ್ಲಿ 12.7. ದೊಡ್ಡ ಗಾಡಿಗಳಲ್ಲಿ 520, 530 ಎಂದಿದ್ದರೆ ಎಂಟನೇ ಐದು ಇಂಚು, 15.875 ಮಿಲಿಮೀಟರ್. ನಮ್ಮದು 428. ಹಾಗಾದರೆ 20 ಕೊಂಡಿಗಳ ಉದ್ದ, ಅಂದರೆ ಮೊದಲ ಪಿನ್ನಿನ ನಡುವಿನಿಂದ 21ನೇ ಪಿನ್ನಿನ ನಡುವಿಗೆ, ಹೊಸತರಲ್ಲಿ 254 ಮಿಲಿಮೀಟರ್. ಸರಿಯಾಗಿ ಹತ್ತು ಇಂಚು. ಈ ಅಳತೆಯ ಚೈನಿಗೆ ಕೆಲವು ಕಂಪನಿಗಳ ಕೈಪಿಡಿ ಕೊಡುವ ಮಿತಿ 259. ನೂರಕ್ಕೆ ಸುಮಾರು ಎರಡು ಪಾಲು. ಅಂದರೆ ಒಂದೊಂದು ಕೀಲಿನಲ್ಲಿ ಕಾಲು ಮಿಲಿಮೀಟರ್ ಸವೆದರೆ ಸಾಕು, ಕತೆ ಮುಗಿಯಿತು. ದೊಡ್ಡ ಚೈನುಗಳಿಗೆ ಮಿತಿ ಇನ್ನೂ ಬಿಗಿ. 20 ಕೊಂಡಿಗೆ ಹೊಸತರಲ್ಲಿ 317.5 ಇರುವುದು 319.4 ಆದರೆ ಬದಲಿಸಿ ಎನ್ನುವ ಕೈಪಿಡಿಗಳಿವೆ. ಎರಡು ಮಿಲಿಮೀಟರಿಗೂ ಕಡಿಮೆಯ ಆ ವ್ಯತ್ಯಾಸವನ್ನು ಶಾಲೆಯ ಸ್ಕೇಲಿನಿಂದ ಹಿಡಿಯಲಾಗದು. ಅಂಥ ಗಾಡಿಯಿದ್ದವರು ವರ್ನಿಯರ್ ಕ್ಯಾಲಿಪರ್ ಇರುವ ಮೆಕ್ಯಾನಿಕ್ ಹತ್ತಿರ ಹೋಗುವುದು ಒಳ್ಳೆಯದು.

ಅಳೆಯುವಾಗ ಮೂರು ಜಾಗ್ರತೆ ಬೇಕು. ಚೈನು ಜೋತುಬಿದ್ದಿರಬಾರದು, ಅಳೆಯುವ ಸಾಲು ಬಿಗಿಯಾಗಿ ನೆಟ್ಟಗೆ ನಿಂತಿರಬೇಕು. ನಡುವಿನಿಂದ ನಡುವಿಗೆ ಕಣ್ಣಂದಾಜು ಕಷ್ಟವಾದರೆ ಮೊದಲ ಪಿನ್ನಿನ ಎಡ ಅಂಚಿನಿಂದ 21ನೇ ಪಿನ್ನಿನ ಎಡ ಅಂಚಿಗೆ ಅಳೆಯಬಹುದು, ಉತ್ತರ ಅದೇ ಬರುತ್ತದೆ. ಸ್ಕೇಲಿನ ಮೂಲೆ ಸವೆದಿರುತ್ತದೆ, ಸೊನ್ನೆ ಎಲ್ಲಿದೆಯೋ ತಿಳಿಯುವುದಿಲ್ಲ. ಆದ್ದರಿಂದ 1 ಸೆಂಟಿಮೀಟರಿನ ಗೆರೆಯಿಂದ ಶುರು ಮಾಡಿ. ಆಗ ಹೊಸ ಚೈನು 26.4ರಲ್ಲಿ ನಿಲ್ಲುತ್ತದೆ, ಮಿತಿ 26.9. ಮೊಮ್ಮಗ ನೆಲದ ಮೇಲೆ ಮಲಗಿ, ಒಂದು ಕಣ್ಣು ಮುಚ್ಚಿ ಮೂರು ಕಡೆ ಅಳೆದ. 26.8. 26.9. 27.0. ಮೂರನೆಯದನ್ನು ಓದುವಾಗ ಅವನ ದನಿ ಸಣ್ಣಗಾಯಿತು. "ಮುತ್ಯಾ, ಅವ್ವ ನಾಳೆ ಇದರ ಮ್ಯಾಲೇ ಹೋಗ್ತಾಳಲ್ಲ?" ಎಂದ.

ಹೋಗಲಿಲ್ಲ. ಸೋಮವಾರ ಇಬ್ಬರೂ ಬಸ್ಸಿನಲ್ಲಿ ಹೋದರು. ನಾವಿಬ್ಬರು ಗಾಡಿಯನ್ನು ಮೆಲ್ಲಗೆ ತಳ್ಳಿಕೊಂಡು ಪೇಟೆಗೆ ಹೋದೆವು.

ಒಂದು ಕಡಿ ತೆಗೆದರೆ

ಅಂಗಡಿಯಲ್ಲಿದ್ದ ಮೆಕ್ಯಾನಿಕ್ ಹುಡುಗ ಒಳ್ಳೆಯವನೇ. ನಮ್ಮ ಅಳತೆಯ ಚೀಟಿ ನೋಡಿ ನಕ್ಕ. "ಏನ್ ಆಗಲ್ಲ ತಗೋರಿ ಸರ್. ಒಂದ್ ಎರಡ್ ಕಡಿ ತೆಗದ್ರ ಬರಾಬ್ಬರ್ ಆಗ್ತದ. ಇನ್ನ ಆರ್ ತಿಂಗ್ಳ ನಡೀತದ" ಎಂದ. ಊರೂರಲ್ಲೂ ಈ ಮಾತು ಕೇಳಿಬರುತ್ತದೆ. ಇದು ತಪ್ಪು ಎಂದು ನನ್ನ ಖಚಿತ ಅಭಿಪ್ರಾಯ. ಯಾಕೆಂದು ಲೆಕ್ಕದಲ್ಲೇ ಹೇಳುತ್ತೇನೆ.

ನಮ್ಮ 104 ಕೊಂಡಿಯ ಚೈನು ಹೊಸತಿದ್ದಾಗ 1,320.8 ಮಿಲಿಮೀಟರ್. ನೂರಕ್ಕೆ ಎರಡು ಪಾಲು ಸವೆದರೆ 26.4 ಮಿಲಿಮೀಟರ್ ಹೆಚ್ಚುತ್ತದೆ. ಎರಡು ಕೊಂಡಿಯ ಉದ್ದ 25.4. ಆದ್ದರಿಂದಲೇ ಎರಡು ಕೊಂಡಿ ತೆಗೆದರೆ ಚೈನು ಮೊದಲಿನಷ್ಟೇ ಉದ್ದವಾಗಿ, ಸರಿಹೋದಂತೆ ಕಾಣುತ್ತದೆ. ಆದರೆ ಉಳಿದ 102 ಕೊಂಡಿಗಳಲ್ಲಿ ಒಂದೊಂದು ಕೀಲೂ ಸವೆದದ್ದು ಸವೆದಂತೆಯೇ ಇದೆ! ಅವು ಮೊದಲಿನಂತೆಯೇ ಹಲ್ಲಿನ ತುದಿಗೆ ಏರುತ್ತವೆ. ಸಾಲಗಾರನ ಖಾತೆಯಲ್ಲಿ ಎರಡು ಕಂತನ್ನು ಪುಸ್ತಕದಿಂದ ಅಳಿಸಿಹಾಕಿ, ಬಾಕಿ ಸರಿಹೋಯಿತು ಎಂದಂತೆ ಇದು. ಬ್ಯಾಂಕಿನಲ್ಲಿ ಹಾಗೆ ಮಾಡಿದವರನ್ನು ಏನೆಂದು ಕರೆಯುತ್ತಾರೆಂದು ಹಿರಿಯ ಓದುಗರಿಗೆ ಗೊತ್ತು.

ಸವೆದ ಚೈನು ಒಂದು ದಿನ ಹಲ್ಲು ಹಾರಿಸುತ್ತದೆ. ಅದೇ ಆ ಕಟ್ ಕಟ್ ಸದ್ದು. ಇಲ್ಲವೆ ಜಾರಿ ಹೊರಬೀಳುತ್ತದೆ, ಇಲ್ಲವೆ ತುಂಡಾಗುತ್ತದೆ. ತುಂಡಾದ ಚೈನು ರಸ್ತೆಗೆ ಬಿದ್ದರೆ ಪುಣ್ಯ, ಗಾಡಿ ತಾನಾಗಿ ನಿಧಾನವಾಗಿ ನಿಲ್ಲುತ್ತದೆ. ಮುಂದಿನ ಸಣ್ಣ ಹಲ್ಲುಗಾಲಿಯ ಬಳಿ ಗಂಟುಕಟ್ಟಿಕೊಂಡರೆ ಎಂಜಿನ್ನಿನ ಹೊರಕವಚ ಒಡೆಯಬಹುದು. ಹಿಂದಿನ ಚಕ್ರಕ್ಕೆ ಸಿಕ್ಕಿಕೊಂಡರೆ ಚಕ್ರ ಬಿಗಿಯುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ, ಹಿಂದೆ ಲಾರಿ ಇರುವಾಗ.

ಹುಡುಗನಿಗೆ ಇದನ್ನೆಲ್ಲ ಭಾಷಣ ಮಾಡಲಿಲ್ಲ. ಮೊಮ್ಮಗ ಮುಂದಿನ ಹಲ್ಲುಗಾಲಿಯನ್ನು ತೋರಿಸಿ, "ಅಣ್ಣಾ, ಇದರ ಹಲ್ಲ ನೋಡ್ರಿ" ಎಂದನಷ್ಟೆ. ಹೊಸ ಹಲ್ಲು ಎರಡೂ ಬದಿ ಸಮನಾಗಿ, ದೇವಸ್ಥಾನದ ಗೋಪುರದಂತೆ ನೆಟ್ಟಗೆ ಇರುತ್ತದೆ. ಇದರ ಹಲ್ಲುಗಳು ಒಂದೇ ಕಡೆಗೆ ಬಾಗಿ ಕೊಕ್ಕೆಯಾಗಿದ್ದವು. ಇಂಥದಕ್ಕೆ ಶಾರ್ಕ್ ಮೀನಿನ ರೆಕ್ಕೆ ಎಂದು ಪುಸ್ತಕಗಳಲ್ಲಿ ಹೋಲಿಸುತ್ತಾರೆ. ಬೀದರ ಜಿಲ್ಲೆಯವರು ನಾವು, ಶಾರ್ಕನ್ನು ಎಲ್ಲಿ ಕಾಣಬೇಕು? ಮೊಮ್ಮಗ ಹುಲಿಯುಗುರು ಎಂದ, ಅದೇ ಸರಿ. ಹುಡುಗನೂ ನೋಡಿ, "ಹೌದ್ ಬಿಡ್ರಿ, ಕಿಟ್ಟೇ ಹಾಕಬೇಕು" ಎಂದು ಒಪ್ಪಿಕೊಂಡ.

ಕಿಟ್ ಎಂದರೆ ಚೈನು ಮತ್ತು ಎರಡೂ ಹಲ್ಲುಗಾಲಿ ಕೂಡಿದ ಜೊತೆ. ಹಳೆಯ ಕೊಕ್ಕೆ ಹಲ್ಲಿನ ಮೇಲೆ ಹೊಸ ಚೈನು ಹಾಕಿದರೆ ಆ ಹಲ್ಲು ಹೊಸದನ್ನೂ ಬೇಗ ತಿನ್ನುತ್ತದೆ. ಮೂರನ್ನೂ ಒಟ್ಟಿಗೆ ಬದಲಿಸುವುದೇ ಲಾಭ. ಚೆನ್ನೈಯ ಡೈಮಂಡ್, ಕೊಯಮತ್ತೂರಿನ ರೋಲಾನ್, ಗಾಡಿ ಕಂಪನಿಯ ಮುದ್ರೆ ಇರುವುದು, ಹೀಗೆ ನಾಲ್ಕಾರು ಬಗೆ ಸಿಗುತ್ತವೆ. ನಮಗೆ ಮಜೂರಿ ಸೇರಿ ಒಂದೂವರೆ ಸಾವಿರ ರೂಪಾಯಿಯ ಒಳಗೆ ಆಯಿತು. ಹಾಕುವಾಗ ನೋಡಬೇಕಾದ ಒಂದು ಸಣ್ಣ ಸಂಗತಿ ಇದೆ. ಚೈನಿನ ಎರಡು ತುದಿಗಳನ್ನು ಕೂಡಿಸುವ ಕೊಂಡಿಗೆ ಮೀನಿನಾಕಾರದ ಒಂದು ಕ್ಲಿಪ್ ಇರುತ್ತದೆ. ಅದರ ಮುಚ್ಚಿದ ತುದಿ ಚೈನು ಓಡುವ ದಿಕ್ಕಿಗೆ ಮುಖಮಾಡಿರಬೇಕು, ಸೀಳಿದ ಬಾಲ ಹಿಂದಿರಬೇಕು. ಮೀನು ಈಜುವ ಹಾಗೆ ಎಂದು ನೆನಪಿಟ್ಟುಕೊಳ್ಳಿ. ತಿರುಗಾಮುರುಗಾ ಆದರೆ ಯಾವುದಕ್ಕೋ ತಗಲಿ ಕ್ಲಿಪ್ ಹಾರಿಹೋಗಬಹುದು.

ಮನೆಗೆ ಬಂದು ಹೊಸ ಚೈನನ್ನು ಅಳೆದೆವು. 26.4ರ ಗೆರೆಯ ಮೇಲೆ ಪಿನ್ನು ಸರಿಯಾಗಿ ಕೂತಿತು. ಮೊಮ್ಮಗ ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ತಾರೀಕು, ಕಿಲೋಮೀಟರ್, ಮೂರು ಕಡೆಯ ಅಳತೆ ಎಂದು ಗೆರೆ ಹಾಕಿ ಖಾತೆ ತೆರೆದ. ತಿಂಗಳಿಗೊಮ್ಮೆ ಅಳೆದು ಬರೆಯುತ್ತಾನೆ. ನನಗೆ ಬೇಕಾಗಿದ್ದ ಸವಕಳಿ ಖಾತೆ ಇದು.

ಚೈನಿನ ಆರೈಕೆಯ ಬಗ್ಗೆ ಹೆಚ್ಚು ಹೇಳಲಾರೆ, ನಾಲ್ಕು ಮಾತು ಸಾಕು. ಸಾಮಾನ್ಯವಾಗಿ 500 ಕಿಲೋಮೀಟರಿಗೊಮ್ಮೆ ಸ್ವಚ್ಛ ಮಾಡಿ ಎಣ್ಣೆ ಹಾಕಬೇಕು. ಸೀಮೆಎಣ್ಣೆಯಲ್ಲಿ ಅದ್ದಿದ ಮೆತ್ತನೆಯ ಬ್ರಶ್ಶಿನಿಂದ ಉಜ್ಜಿ, ಒಣಬಟ್ಟೆಯಿಂದ ಒರೆಸಿ, 90 ನಂಬರಿನ ಗೇರ್ ಎಣ್ಣೆಯನ್ನೋ ಚೈನಿನ ಸ್ಪ್ರೇಯನ್ನೋ ಒಳಮಗ್ಗುಲಿಗೆ ಬಿಡಬೇಕು. ಚೈನು ತಿರುಗಿದಾಗ ಎಣ್ಣೆ ತಾನೇ ಹೊರಗೆ ಹರಡುತ್ತದೆ. ಪೆಟ್ರೋಲು ಬೇಡ, ತಂತಿ ಬ್ರಶ್ಶೂ ಬೇಡ. ಈಚಿನ ದೊಡ್ಡ ಗಾಡಿಗಳ ಚೈನಿನಲ್ಲಿ ಪ್ಲೇಟುಗಳ ನಡುವೆ ಸಣ್ಣ ರಬ್ಬರ್ ಉಂಗುರಗಳಿರುತ್ತವೆ, ಒಳಗಿನ ಗ್ರೀಸನ್ನು ಹಿಡಿದಿಡುವುದು ಅವೇ. ಪೆಟ್ರೋಲು, ತಂತಿ ಎರಡೂ ಅವುಗಳಿಗೆ ವೈರಿ. ಹೆಚ್ಚಾದ ಎಣ್ಣೆ ಒರೆಸಿಬಿಡಬೇಕು, ಟೈರಿಗೆ ತಾಗಬಾರದು. ಒರೆಸದೆ ಬಿಟ್ಟರೆ ನಮ್ಮ ಕಡೆಯ ಕೆಮ್ಮಣ್ಣಿನ ದೂಳು ಅದಕ್ಕೆ ಮೆತ್ತಿಕೊಂಡು, ಸಾಣೆ ಹಿಡಿಯುವ ಮುಲಾಮಿನಂತಾಗಿ ಚೈನನ್ನೇ ಅರೆಯುತ್ತದೆ. ಮಳೆಗಾಲದ ಎರೆಮಣ್ಣು ಇನ್ನೊಂದು ಬಗೆ. ಅದು ಅಂಟಿ, ಒಣಗಿ, ಒಳಗೆ ತುಕ್ಕು ಬೆಳೆಸುತ್ತದೆ.

ಆಯುಧಪೂಜೆಯ ದಿನ ಇದು ಇನ್ನೂ ತಮಾಷೆ. ಬೆಳಿಗ್ಗೆ ಗಾಡಿಗೆ ಪೈಪಿನ ನೀರು ಬಿಟ್ಟು ಚೈನಿನೊಳಗಿನ ಎಣ್ಣೆಯನ್ನೆಲ್ಲ ತೊಳೆದುಹಾಕುತ್ತೇವೆ. ಆಮೇಲೆ ವಿಭೂತಿ, ಕುಂಕುಮ, ಚೆಂಡುಹೂವಿನ ಮಾಲೆ, ಚಕ್ರದ ಕೆಳಗೆ ನಿಂಬೆಹಣ್ಣು. ಎಲ್ಲವೂ ಇರುತ್ತದೆ, ಒಂದು ಚಮಚ ಎಣ್ಣೆಯ ಹೊರತು. ಈ ಸಲ ನಮ್ಮ ಮನೆಯಲ್ಲಿ ಕುಂಕುಮಕ್ಕೆ ಮೊದಲು ಎಣ್ಣೆ.

ಹಳೆಯ ಕಾಲದ ಗಾಡಿಗಳನ್ನು ಕಂಡವರಿಗೆ ಒಂದು ಮಾತು ನೆನಪಾಗಬಹುದು. ನಾನು ಹುಮನಾಬಾದಿಗೆ ಓಡಾಡುತ್ತಿದ್ದದ್ದು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿಯಲ್ಲಿ. ಅದರ ಚೈನು ಪೂರ್ತಿ ಕವಚದೊಳಗೆ, ಒಂದು ಹನಿ ನೀರು, ಒಂದು ಚಿಟಿಕೆ ದೂಳು ತಾಗದಂತೆ ಮುಚ್ಚಿರುತ್ತಿತ್ತು. ಈಗಿನ ಹುಡುಗರ ಗಾಡಿಗಳಲ್ಲಿ ಚೈನು ಬಟಾಬಯಲು. ನೋಡಲು ಚೆಂದವೇನೋ, ನನಗೆ ಮಾತ್ರ ಅದು ಚಳಿಯಲ್ಲಿ ಅಂಗಿಯಿಲ್ಲದೆ ನಿಂತ ಕೂಸಿನಂತೆ ಕಾಣುತ್ತದೆ. ಬಜಾಜ್ ಚೇತಕ್ ಸ್ಕೂಟರಿನವರಿಗಂತೂ ಈ ಚಿಂತೆಯೇ ಇರಲಿಲ್ಲ. ಎಂಜಿನ್ನು ಹಿಂದಿನ ಚಕ್ರದ ಪಕ್ಕದಲ್ಲೇ ಇದ್ದು, ಗೇರುಗಳೇ ಚಕ್ರವನ್ನು ತಿರುಗಿಸುತ್ತಿದ್ದವು.

ಬಯಲಿನ ಚೈನಿಗೆ ಇನ್ನೊಂದು ಅಪಾಯ ಸೀರೆಯ ಸೆರಗು, ವೇಲು, ಮಕ್ಕಳ ಮಫ್ಲರು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮವೇ, ಹಿಂದೆ ಕೂತವರ ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಭಾಗಕ್ಕೆ ರಕ್ಷಣೆ ಇರಬೇಕು ಎನ್ನುತ್ತದೆ. ಗಾಡಿ ಕೊಂಡ ವಾರದಲ್ಲೇ ಚೆಂದಕ್ಕೆಂದು ಸ್ಯಾರಿಗಾರ್ಡ್ ಬಿಚ್ಚಿಸುವ ಮೊಮ್ಮಕ್ಕಳಿದ್ದರೆ ಅಜ್ಜಿಯರು ದಯವಿಟ್ಟು ಅಡ್ಡ ನಿಲ್ಲಬೇಕು.

ಗಾಡಿಯಿಲ್ಲದ ಮನೆಯ ಮಕ್ಕಳು ಬೇಸರಪಡಬೇಡಿ. ನಿಮ್ಮ ಸೈಕಲ್ಲಿನ ಚೈನೂ ಅರ್ಧ ಇಂಚಿನದೇ. ಅದೇ ಸ್ಕೇಲು ನಡೆಯುತ್ತದೆ, 20 ಕೊಂಡಿಗೆ ಹೊಸತರಲ್ಲಿ 254 ಮಿಲಿಮೀಟರೇ. ಆದರೆ ಅಲ್ಲಿ ಮಿತಿ ಚಿಕ್ಕದು. ನೂರಕ್ಕೆ ಒಂದು ಪಾಲು, ಅಂದರೆ ಎರಡೂವರೆ ಮಿಲಿಮೀಟರ್ ಹೆಚ್ಚಿದ್ದರೆ ಹೊಸ ಚೈನಿಗೆ ಅಪ್ಪನ ಬೆನ್ನು ಹತ್ತಬಹುದು. ಗೇರಿನ ಸೈಕಲ್ಲಾದರೆ ಅದರ ಅರ್ಧಕ್ಕೇ ಬದಲಿಸುವುದು ಒಳ್ಳೆಯದು.

ನಮ್ಮ ಓಣಿಯಲ್ಲಿ ಸುದ್ದಿ ಹಬ್ಬಿ, ಮುಂದಿನ ಎರಡು ಭಾನುವಾರ ಏಳು ಗಾಡಿಗಳು ಅಂಗಳಕ್ಕೆ ಬಂದವು. ಮೊಮ್ಮಗ ಸ್ಕೇಲು, ನಾನು ನೋಟ್‌ಬುಕ್ಕು. ಏಳರಲ್ಲಿ ನಾಲ್ಕು ಚೆನ್ನಾಗಿದ್ದವು. ಒಂದಕ್ಕೆ ಎಣ್ಣೆಯಷ್ಟೇ ಬೇಕಿತ್ತು, ಸವಕಳಿ ಇರಲಿಲ್ಲ. ಒಂದು ಮಿತಿಯ ಹತ್ತಿರ ಬಂದಿತ್ತು. ಏಳನೆಯದು ಹಳ್ಳಿಯಿಂದ ದಿನಾ ನಾಲ್ಕು ಕ್ಯಾನು ಹಾಲು ಹೇರಿಕೊಂಡು ಬರುವವರದು. ಅದು 261 ತೋರಿಸಿತು. ಅದರಲ್ಲಿ ಆಗಲೇ ಎರಡು ಕೊಂಡಿ ತೆಗೆದಾಗಿತ್ತು. "ಹದಿನೈದು ದಿನದ ಹಾಲಿನ ಬಟವಾಡೆ ಶುಕ್ರವಾರ ಬರ್ತದ್ರಿ, ಆಮ್ಯಾಲ ಹಾಕಸ್ತೀನಿ" ಎಂದರು. ಶುಕ್ರವಾರಕ್ಕೆ ಇನ್ನೂ ಐದು ದಿನ ಇತ್ತು. ನನ್ನ ಹೆಂಡತಿ ಒಳಗಿನಿಂದ ಬಂದು, ನಮ್ಮ ಮನೆಯ ಮುಂದಿನ ತಿಂಗಳ ಹಾಲಿನ ದುಡ್ಡು ಮುಂಗಡವಾಗಿ ಅವರ ಕೈಗೆ ಕೊಟ್ಟಳು. ಮರುದಿನ ಬೆಳಿಗ್ಗೆ ಗಾಡಿ ಸದ್ದಿಲ್ಲದೆ ಬಂತು. ಹಾಲು ಹಾಕುವ ಮೊದಲೇ ಅವರು ಮೊಮ್ಮಗನನ್ನು ಎಬ್ಬಿಸಿ, ಅಳೆದು ಬರೆದುಕೋ ಎಂದರು. 254.